ದೋಷಯುಕ್ತ ದಾಖಲೆಯ ತಿರಸ್ಕಾರ: ಒಂದು ವಿವೇಚನೆ

ದಾಖಲೆಯಲ್ಲಿ ದೋಷ ಕಂಡಾಗ ಅದನ್ನು ಇಡಿಯಾಗಿ ತಳ್ಳಿಹಾಕಬೇಕೆ, ಇಲ್ಲವೆ ದೋಷವನ್ನು ಗುರುತಿಸಿ ಉಳಿದುದನ್ನು ಗ್ರಹಿಸಬೇಕೆ ಎಂಬ ಪ್ರಶ್ನೆ ಚರಿತ್ರಕಾರನಿಗೆ ಹೊಸದಲ್ಲ. ಸರ್ವರ್ ತಂತ್ರಾಂಶಗಳ ಎಕ್ಸ್‌ಎಂಎಲ್ ವಿನ್ಯಾಸ ಕಡತಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ಪರೀಕ್ಷಾ ಫಲಿತಾಂಶಗಳೂ ಗ್ರಂಥಾಲಯದ ಸೂಚಿಗಳೂ ಸರ್ವರುಗಳನ್ನು ಅವಲಂಬಿಸಿರುವುದರಿಂದ ಇದು ತಂತ್ರಜ್ಞರಿಗೆ ಮಾತ್ರ ಸೇರಿದ ಚರ್ಚೆಯಲ್ಲ.

ಎಂ.ಕೆ. ಹುಬ್ಬಳ್ಳಿಗೆ ಸಮೀಪದ ದೇಗಾಂವಿಯ ಕದಂಬ ಶಾಸನಗಳನ್ನು ವಿದ್ವತ್‌ಲೋಕಕ್ಕೆ ಪರಿಚಯಿಸಿದ ಜೆ.ಎಫ್. ಫ್ಲೀಟರು ಪರಿಶೀಲನೆಯಲ್ಲಿ ಅತ್ಯಂತ ಕಟ್ಟುನಿಟ್ಟಿನವರು. ಲಿಪಿ, ತಿಥಿ, ವಾರ ಇವು ಪರಸ್ಪರ ಹೊಂದದ ತಾಮ್ರಪಟಗಳನ್ನು ಅವರು ಕೂಟಶಾಸನಗಳೆಂದು ನಿರ್ಣಯಿಸಿ, 1901ರಲ್ಲಿ ಅಂತಹವುಗಳ ಪಟ್ಟಿಯನ್ನೂ ಪ್ರಕಟಿಸಿದರು. ತಲಕಾಡಿನ ಗಂಗರ ಅನೇಕ ಪಟಗಳು ಹೀಗೆ ತಿರಸ್ಕೃತವಾದುವು. ಬಿ.ಎಲ್. ರೈಸರು ಇದನ್ನು ಒಪ್ಪಲಿಲ್ಲ. ಮುಂದೆ ಪೆನುಕೊಂಡದ ತಾಮ್ರಪಟಗಳು ದೊರೆತಾಗ ಅವು ನೈಜವೆಂದು ಫ್ಲೀಟರೇ ಒಪ್ಪಿದರು. ಅವರ ಕಠೋರತೆಯಿಂದ ಕೂಟಶಾಸನಗಳು ಬಯಲಾದುದು ನಿಜ. ಆದರೆ ಗಂಗರ ಆದಿಚರಿತ್ರೆಯೇ ಬಹುಕಾಲ ಸಂಶಯಗ್ರಸ್ತವಾಗಿ ಉಳಿಯಿತು.

ಇನ್ನು ಗಣಕದ ಕ್ಷೇತ್ರಕ್ಕೆ ಬರೋಣ. ಕಳುಹಿಸುವಾಗ ಬಿಗಿ, ಸ್ವೀಕರಿಸುವಾಗ ಔದಾರ್ಯ ಎಂಬ ನೀತಿಯನ್ನು ಜಾನ್ ಪೋಸ್ಟೆಲ್ 1980ರಲ್ಲಿ ಸೂತ್ರೀಕರಿಸಿದರು. 1998ರಲ್ಲಿ ಹೊರಬಂದ ಎಕ್ಸ್‌ಎಂಎಲ್ ನಿಯಮಾವಳಿ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು: ರಚನೆಯಲ್ಲಿ ಒಂದು ಚಿಹ್ನೆ ತಪ್ಪಿದರೂ ಓದುವುದನ್ನು ನಿಲ್ಲಿಸಬೇಕು. ಆದರೆ ಹೆಸರುಗಳು ಸರಿಯೆ ಎಂಬ ಎರಡನೆಯ ಪರಿಶೀಲನೆಯನ್ನು ಅದು ಐಚ್ಛಿಕವಾಗಿಯೇ ಬಿಟ್ಟಿತು. ತೊಡಕು ಇರುವುದು ಇಲ್ಲಿಯೇ. ಟಾಮ್‌ಕ್ಯಾಟ್ ಎಂಬ ಸರ್ವರಿನಲ್ಲಿ ಏಕಕಾಲದಲ್ಲಿ ದುಡಿಯುವ ಎಳೆಗಳ ಮಿತಿಯನ್ನು 400 ಎಂದು ಬರೆಯುವಾಗ ಆ ಗುಣದ ಹೆಸರಿನಲ್ಲಿ ಒಂದಕ್ಷರ ತಪ್ಪಿತೆನ್ನೋಣ. ಸರ್ವರು ತನ್ನ ದಿನಚರಿ ಕಡತದಲ್ಲಿ ಎಚ್ಚರಿಕೆಯೊಂದನ್ನು ಬರೆದು, ಪೂರ್ವನಿಗದಿತವಾದ 200ರಲ್ಲಿಯೇ ಕೆಲಸ ಆರಂಭಿಸುತ್ತದೆ. ಆ ಎಚ್ಚರಿಕೆಯನ್ನು ಯಾರೂ ಓದದಿದ್ದರೆ ಫಲಿತಾಂಶದ ದಿನದ ನೂಕುನುಗ್ಗಲಿನಲ್ಲಿ ಮಾತ್ರ ತಪ್ಪು ಬಯಲಾದೀತು. ಐ.ಬಿ.ಎಂ.ನ ಲಿಬರ್ಟಿ ಸರ್ವರು ಉಪೇಕ್ಷೆ, ಎಚ್ಚರಿಕೆ, ನಿಲುಗಡೆ ಎಂಬ ಮೂರು ಆಯ್ಕೆಗಳನ್ನು ಮುಂದಿಟ್ಟು, ಬೇರೆ ಸೂಚನೆ ಇಲ್ಲದಿದ್ದರೆ ಎಚ್ಚರಿಕೆಯನ್ನೇ ಅನುಸರಿಸುತ್ತದೆ.

ಹಾಗಾದರೆ ಯಾವ ಮಾರ್ಗ ಯುಕ್ತ? ಈ ಎರಡು ಬಗೆಯ ದಾಖಲೆಗಳ ನಡುವೆ ಒಂದು ಮುಖ್ಯ ಭೇದವುಂಟು. ಗಂಗ ದೊರೆ ಮರಳಿ ಬಂದು ತನ್ನ ಶಾಸನವನ್ನು ತಿದ್ದಲಾರನು. ಆದುದರಿಂದ ಅಲ್ಲಿ ಪೂರ್ಣ ತಿರಸ್ಕಾರವು ಸಾಕ್ಷ್ಯದ ನಾಶಕ್ಕೆ ಸಮಾನ. ವಿನ್ಯಾಸ ಕಡತವನ್ನು ಬರೆದವನಾದರೋ ಎದುರಿಗೇ ಇರುತ್ತಾನೆ. ತಪ್ಪಿನ ಸಾಲನ್ನು ತೋರಿಸಿ ಕಡತವನ್ನು ಹಿಂತಿರುಗಿಸಿದರೆ ಅವನಿಗೆ ಆಗುವ ನಷ್ಟ ಕೆಲವು ನಿಮಿಷಗಳು ಮಾತ್ರ. ಹೊಸ ಆವೃತ್ತಿಗೆ ಬದಲಾಯಿಸುವಾಗ ಹಳೆಯ ಹೆಸರುಗಳು ಅಪರಿಚಿತವಾಗಿ ಸರ್ವರು ನಿಂತುಹೋದೀತೆಂಬ ಆಕ್ಷೇಪ ಸಾಧುವಾದುದೇ. ಆದರೆ ಸೇವೆಗೆ ತೊಡಗುವ ಮುನ್ನ ಪ್ರತ್ಯೇಕವಾಗಿ ಪರೀಕ್ಷಿಸುವುದೇ ಅದಕ್ಕೆ ಪರಿಹಾರ, ಮೌನವಲ್ಲ.

ತಿದ್ದಬಲ್ಲವನು ಬಳಿಯಲ್ಲಿರುವಾಗ ಬಿಗಿಯಾಗಿರಬೇಕು, ಇಲ್ಲದಿರುವಾಗ ದೋಷವನ್ನು ಗುರುತಿಸಿ ದಾಖಲೆಯನ್ನು ಉಳಿಸಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ. ಎರಡು ಸಂದರ್ಭಗಳಲ್ಲಿಯೂ ದೋಷವನ್ನು ಮುಚ್ಚಿಡುವುದು ಸಲ್ಲದು.