ಮನೆಗೆ ಮರಳಿದ ಮೇಲೆ ಬಂದ ಗಡಿ

ಜಗತ್ತು ಸುತ್ತಿದವರ ಕಥೆಗಳಲ್ಲಿ ಹೊರಡುವ ದಿನಕ್ಕೆ ಸಿಗುವ ಮಹತ್ವ ಮರಳುವ ದಿನಕ್ಕೆ ಸಿಗುವುದಿಲ್ಲ. ಹಾರ ಹಾಕಿದರು, ಭಾಷಣ ಮಾಡಿದರು, ಅಲ್ಲಿಗೆ ಪುಸ್ತಕ ಮುಗಿಯುತ್ತದೆ. 1923ರ ಅಕ್ಟೋಬರ್‌ನಲ್ಲಿ ಮುಂಬೈಯಿಂದ ಸೈಕಲ್ ಹತ್ತಿದ ಆರು ಮಂದಿ ಪಾರ್ಸಿ ಯುವಕರಲ್ಲಿ ಮೂವರು 1928ರ ಮಾರ್ಚ್‌ನಲ್ಲಿ ಲೋಕ ಸುತ್ತಿ ಊರಿಗೆ ಮರಳಿದರು. ಅವರು ಬಿಟ್ಟುಹೋದ ಮುಂಬೈ ಅವರಿಗಾಗಿ ಅಲ್ಲೇ ಕಾದಿತ್ತು. ಆದರೆ ಎಲ್ಲ ಸವಾರರಿಗೂ ಆ ಭಾಗ್ಯವಿರಲಿಲ್ಲ. ಬಂಗಾಳಿ ಪ್ರವಾಸಿ ರಾಮನಾಥ ಬಿಸ್ವಾಸ್ ಮನೆಗೆ ಬಂದ ಮೇಲೆ ಮನೆ ಕಳೆದುಕೊಂಡವರು.

ಅವರು ಹುಟ್ಟಿದ್ದು 1894ರಲ್ಲಿ, ಸಿಲ್ಹೆಟ್ ಸೀಮೆಯ ಬನಿಯಾಚಂಗ್‌ನಲ್ಲಿ. ಈಗ ಅದು ಬಾಂಗ್ಲಾದೇಶದ ಹಬಿಗಂಜ್ ಜಿಲ್ಲೆಗೆ ಸೇರಿದೆ. ಏಷ್ಯಾದಲ್ಲೇ ದೊಡ್ಡ ಹಳ್ಳಿ ತಮ್ಮದು ಎಂದು ಅಲ್ಲಿನವರು ಹೇಳಿಕೊಳ್ಳುತ್ತಾರೆ. ಇಂತಹ ಹೆಮ್ಮೆಗೆ ಅಳತೆಪಟ್ಟಿ ಹಿಡಿದು ಹೋಗಬಾರದು ಬಿಡಿ. ಸುತ್ತಲೂ ಹಾವೋರ್ ಎಂಬ ವಿಶಾಲವಾದ ತಗ್ಗು ನೆಲ. ಮಳೆ ಹಿಡಿಯಿತೆಂದರೆ ಹೊಲಗಳೆಲ್ಲ ಕಡಲಾಗುತ್ತವೆ. ಮಳೆಗಾಲಕ್ಕೆ ದೋಣಿ, ಉಳಿದ ದಿನಗಳಿಗೆ ಕಾಲು ಎಂಬುದು ಆ ಸೀಮೆಯ ಹಳೆಯ ಮಾತು. ವರ್ಷದಲ್ಲಿ ಅರ್ಧ ಕಾಲ ಚಕ್ರ ಉರುಳಲು ನೆಲವೇ ಇಲ್ಲದ ಇಂತಹ ಊರಿನಿಂದ ಸೈಕಲ್ ಸವಾರನೊಬ್ಬ ಎದ್ದು ಬಂದದ್ದು ಸೋಜಿಗವೇ ಸರಿ.

ಮೊದಲ ಮಹಾಯುದ್ಧದಲ್ಲಿ ಸೈನ್ಯ ಸೇರಿ ಮೆಸಪೊಟೇಮಿಯಾಕ್ಕೆ ಹೋದ ಬಿಸ್ವಾಸ್, ಆಮೇಲೆ ನೌಕರಿ ಹುಡುಕುತ್ತ ಮಲಯಾ ಸೇರಿದರು. 1931ರ ಜುಲೈ 7ರಂದು ಸಿಂಗಾಪುರದ ಕ್ವೀನ್ ಸ್ಟ್ರೀಟ್‌ನಿಂದ ಅವರ ಪ್ರವಾಸ ಆರಂಭವಾಯಿತು. ಬಳಿಯಿದ್ದದ್ದು ಎರಡು ಹೊದಿಕೆ, ಒಂದು ಜೊತೆ ಚಪ್ಪಲಿ ಮತ್ತು ಸೈಕಲ್ ರಿಪೇರಿಯ ಸಾಮಾನು. ವಿಶ್ವ ಸುತ್ತುವ ಹಿಂದೂ ಪ್ರವಾಸಿ ಎಂಬ ಅರ್ಥದ ಇಂಗ್ಲಿಷ್ ಬರಹ ಸೈಕಲ್ ಮೇಲಿತ್ತು. ಇಂದು ಓದುವವರಿಗೆ ಆ ಪದ ಬೇರೇನನ್ನೋ ಸೂಚಿಸಬಹುದು. ಆದರೆ ಆ ಕಾಲದಲ್ಲಿ ಹೊರದೇಶಗಳಲ್ಲಿ, ಅದರಲ್ಲೂ ಅಮೆರಿಕದಲ್ಲಿ, ಭಾರತದಿಂದ ಬಂದ ಮುಸ್ಲಿಮರನ್ನೂ ಸಿಖ್ಖರನ್ನೂ ಹಿಂದೂ ಎಂದೇ ಕರೆಯುತ್ತಿದ್ದರು. ಹಿಂದುಸ್ತಾನದವನು ಎಂಬಷ್ಟೇ ಅದರ ಅರ್ಥ.

ಮೊದಲ ಸುತ್ತಿನಲ್ಲಿ ಸಿಯಾಮ್, ಇಂಡೋ-ಚೀನಾ, ಚೀನಾ, ಕೊರಿಯಾ, ಜಪಾನ್, ಕೆನಡಾ. 1934ರಲ್ಲಿ ಊರಿಗೆ ಬಂದಾಗ ಬನಿಯಾಚಂಗ್‌ನ ಮೈದಾನದಲ್ಲಿ ಜನ ನೆರೆದು ಸನ್ಮಾನ ಮಾಡಿದರು. ದೇಶ ದೇಶ ಕಂಡು ಬಂದವರು ಆ ಸಭೆಯಲ್ಲಿ ಕೊಂಡಾಡಿದ್ದು ತಮ್ಮ ಹಳ್ಳಿಯನ್ನೇ. ಅದೇ ವರ್ಷ ಮತ್ತೆ ಹೊರಟರು. ಆಫ್ಘಾನಿಸ್ತಾನ, ಇರಾನ್, ಇರಾಕ್, ಸಿರಿಯಾ, ಟರ್ಕಿ ದಾಟಿ ಯುರೋಪಿನ ಮೂಲಕ ಇಂಗ್ಲೆಂಡ್. 1938ರಲ್ಲಿ ಆಫ್ರಿಕಾ, ಅಲ್ಲಿಂದ ಅಮೆರಿಕ. 1940ರಲ್ಲಿ ಮರಳಿದರು. ಒಟ್ಟು 87 ಸಾವಿರ ಮೈಲಿ, ಅದರಲ್ಲಿ 53 ಸಾವಿರ ಸೈಕಲ್ ಮೇಲೆ, 7 ಸಾವಿರ ಕಾಲ್ನಡಿಗೆಯಲ್ಲಿ ಎಂದು ಲೆಕ್ಕ ಹಾಕಿದ್ದಾರೆ. ಕಂಡದ್ದನ್ನು ಬಂಗಾಳಿಯಲ್ಲಿ ಪುಸ್ತಕದ ಮೇಲೆ ಪುಸ್ತಕವಾಗಿ ಬರೆದರು. ಆಫ್ರಿಕಾ ಮತ್ತು ಅಮೆರಿಕದ ಪುಸ್ತಕಗಳಲ್ಲಿ ಊರು-ಕೇರಿಗಳ ಸೊಬಗಿಗಿಂತ ವರ್ಣಭೇದದ ಕಹಿಯೇ ಹೆಚ್ಚು ನೆನಪಿನಲ್ಲಿ ಉಳಿಯುವಂಥದ್ದು. ಮೈಬಣ್ಣ ನೋಡಿ ಬಾಗಿಲು ಮುಚ್ಚುವ ಲೋಕವನ್ನು ಕಂಡವನಿಗೆ ಬಾಗಿಲು ತೆರೆದೇ ಇರುವ ಜಾಗವೊಂದು ಬೇಕಲ್ಲ? ಅವರ ಪಾಲಿಗೆ ಅದು ಬನಿಯಾಚಂಗ್ ಆಗಿತ್ತು.

ಆಮೇಲೆ ಬಂದದ್ದು 1947. ಸಿಲ್ಹೆಟ್ ಬಂಗಾಳಿ ಮಾತಿನ ಸೀಮೆ, ಆದರೆ 1874ರಲ್ಲೇ ಬ್ರಿಟಿಷರು ಅದನ್ನು ಅಸ್ಸಾಮಿಗೆ ಸೇರಿಸಿದ್ದರು. ದೇಶ ಹೋಳಾಗುವಾಗ ಆ ಜಿಲ್ಲೆ ಯಾರ ಪಾಲು ಎಂದು ಜನರನ್ನೇ ಕೇಳಲಾಯಿತು. ಜನಮತಗಣನೆ ನಡೆದದ್ದು ಜುಲೈ 6 ಮತ್ತು 7ರಂದು. ಬಿಸ್ವಾಸ್ ಸಿಂಗಾಪುರ ಬಿಟ್ಟು ಆ ಎರಡನೆಯ ದಿನಕ್ಕೆ ಸರಿಯಾಗಿ ಹದಿನಾರು ವರ್ಷ. ಪೂರ್ವ ಬಂಗಾಳ ಸೇರಲು 2,39,619 ಮತ, ಅಸ್ಸಾಮಿನಲ್ಲೇ ಉಳಿಯಲು 1,84,041 ಮತ. ಕರೀಂಗಂಜ್ ಭಾಗವೊಂದು ಭಾರತಕ್ಕೆ ಉಳಿಯಿತು, ಹಬಿಗಂಜ್ ಪಾಕಿಸ್ತಾನಕ್ಕೆ ಹೋಯಿತು. ಅಷ್ಟೊಂದು ಗಡಿಗಳನ್ನು ದಾಟಿದ್ದ ಮನುಷ್ಯ ಈ ಸಲ ಕೂತಲ್ಲಿಂದ ಕದಲಿರಲಿಲ್ಲ, ಗಡಿಯೇ ಮನೆ ದಾಟಿ ಆಚೆ ಹೋಗಿತ್ತು. ಸೈಕಲ್ ಮೇಲೆ ಬರೆಸಿಕೊಂಡಿದ್ದ ಪದಕ್ಕೂ ಈಗ ಹಳೆಯ ವಿಶಾಲವಾದ ಅರ್ಥ ಉಳಿದಿರಲಿಲ್ಲ.

ಕೆಲಕಾಲ ಬಿಸ್ವಾಸ್ ಹಳ್ಳಿಯಲ್ಲೇ ಇದ್ದರು. ಕೊನೆಗೆ ಕಲ್ಕತ್ತಾಕ್ಕೆ ಹೊರಟುಹೋದರು. ಹೀಗೆ ಹೊರಟವರು ಅವರೊಬ್ಬರೇ ಅಲ್ಲ, ಒಂದೇ ಕಡೆಯವರೂ ಅಲ್ಲ. ಅದೇ ವರ್ಷಗಳಲ್ಲಿ ಪಶ್ಚಿಮ ಬಂಗಾಳದಿಂದ, ಬಿಹಾರದಿಂದ ಮುಸ್ಲಿಮ್ ಕುಟುಂಬಗಳು ಮನೆಗೆ ಬೀಗ ಹಾಕಿ ಎದುರು ದಿಕ್ಕಿನಲ್ಲಿ ಹೊರಟಿದ್ದವು. ಅವರ ಪ್ರಯಾಣದ ಮೈಲಿಗಳನ್ನು ಯಾರೂ ಲೆಕ್ಕ ಹಾಕಿಡಲಿಲ್ಲ. ಬಿಸ್ವಾಸ್ 1955ರಲ್ಲಿ ಕಲ್ಕತ್ತಾದಲ್ಲೇ ತೀರಿಕೊಂಡರು. ಅಲ್ಲಿನ ಒಂದು ಓಣಿಗೆ ಅವರ ಹೆಸರಿದೆ.

ಬನಿಯಾಚಂಗ್‌ನ ಮನೆ ಮುಂದೆ ಅನ್ಯರ ವಶವಾಯಿತು. ಬಹುಕಾಲ ಅದರ ಮಾತೇ ಇರಲಿಲ್ಲ. 2022ರಲ್ಲಿ ಆ ಮನೆಯ ಸ್ಥಿತಿಯನ್ನು ವರದಿ ಮಾಡಲು ಹೋದ ಪತ್ರಕರ್ತರ ಮೇಲೆ ಹಲ್ಲೆ ನಡೆದಾಗ ವಿಷಯ ದೇಶಕ್ಕೆಲ್ಲ ಗೊತ್ತಾಯಿತು. ಮನೆಯನ್ನು ಬಿಡಿಸಿ ಸ್ಮಾರಕ ಮಾಡಬೇಕೆಂದು ಬಾಂಗ್ಲಾದೇಶದ ಲೇಖಕರು, ಪ್ರವಾಸಿಗರು ದನಿಯೆತ್ತಿದರು. ಸೈಕಲ್ ಸವಾರರು ಜಾಥಾ ಹೊರಟರು. ಬಿಸ್ವಾಸ್ ತೀರಿಕೊಂಡಾಗ ಆ ಸವಾರರಲ್ಲಿ ಬಹುತೇಕರು ಹುಟ್ಟಿಯೂ ಇರಲಿಲ್ಲ.