ಎಥೆಲ್ ವಾಟರ್ಸ್ ಮತ್ತು ಜಾಝ್ ಸಂಕಲನಗಳು ನಡೆದು ಬಂದ ದಾರಿ

ಹಳೆಯ ಜಾಝ್ ಗಾಯಕಿಯರನ್ನು ಇಂದು ನಾವು ಕೇಳುವುದು ಬಹುಪಾಲು ಸಂಕಲನಗಳ ಮೂಲಕ. ಅವರು ಹಾಡಿದ್ದು ಆಲ್ಬಮ್‌ಗಳಿಗಲ್ಲ, ಬದಿಗೆ ಸುಮಾರು ಮೂರು ನಿಮಿಷ ಹಿಡಿಸುವ 78 ಆರ್‌ಪಿಎಂ ತಟ್ಟೆಗಳಿಗೆ. ಆ ಬಿಡಿ ತಟ್ಟೆಗಳಲ್ಲಿ ಯಾವುದನ್ನು ಆಯ್ದರು, ಯಾವುದನ್ನು ಬಿಟ್ಟರು ಎಂಬುದರ ಮೇಲೆ ಗಾಯಕಿಯ ಹೆಸರು ಉಳಿಯುವ ಬಗೆಯೇ ಬದಲಾಗುತ್ತದೆ. ಎಥೆಲ್ ವಾಟರ್ಸ್ ಇದಕ್ಕೆ ಒಳ್ಳೆಯ ನಿದರ್ಶನ.

1896ರಲ್ಲಿ ಪೆನ್ಸಿಲ್ವೇನಿಯಾದ ಚೆಸ್ಟರ್‌ನಲ್ಲಿ ಹುಟ್ಟಿದ ಈಕೆ 1921ರಲ್ಲಿ ಬ್ಲ್ಯಾಕ್ ಸ್ವಾನ್ ಎಂಬ ಧ್ವನಿಮುದ್ರಣ ಸಂಸ್ಥೆಗೆ ಹಾಡಿದರು. ಅದು ಕಪ್ಪು ಜನರ ಒಡೆತನದ ಸಂಸ್ಥೆ. ಅದರ ಸಂಗೀತ ನೋಡಿಕೊಳ್ಳುತ್ತಿದ್ದವರು ಫ್ಲೆಚರ್ ಹೆಂಡರ್ಸನ್. ಆಗ ಗಾಯಕಿ ಧ್ವನಿ ಹಿಡಿಯುವ ದೊಡ್ಡ ಕಹಳೆಯ ಬಾಯಿಗೆ ಎದುರಾಗಿ ನಿಂತು ದನಿ ಚಾಚಬೇಕಿತ್ತು. 1925ರಲ್ಲಿ ಕೊಲಂಬಿಯಾ ಸಂಸ್ಥೆಗೆ ‘ಡೈನಾ’ ಹಾಡುವಾಗ ಮೈಕ್ರೊಫೋನ್ ಬಂದಿತ್ತು. ಎರಡೂ ಕಾಲದ ತಟ್ಟೆಗಳನ್ನು ಒಟ್ಟಿಗೆ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ‘ಡೈನಾ’ದಲ್ಲಿ ಆಕೆ ದನಿ ಏರಿಸುವುದಿಲ್ಲ, ಎದುರಿಗೆ ಕೂತವರೊಡನೆ ಮಾತಾಡುವಂತೆ ಹಾಡುತ್ತಾರೆ, ಒಂದು ಅಕ್ಷರವೂ ಮಸುಕಾಗುವುದಿಲ್ಲ.

ಈ ಸ್ಪಷ್ಟ ಉಚ್ಚಾರಣೆಯೇ ರಂಗಭೂಮಿಯಲ್ಲಿ ಅವರ ಬಲವಾಯಿತು. 1933ರಲ್ಲಿ ಕಾಟನ್ ಕ್ಲಬ್‌ನಲ್ಲಿ ಅವರು ‘ಸ್ಟಾರ್ಮಿ ವೆದರ್’ ಹಾಡಿದ್ದನ್ನು ಕೇಳಿದ ಗೀತರಚನೆಕಾರ ಇರ್ವಿಂಗ್ ಬರ್ಲಿನ್, ಅವರನ್ನು ಬ್ರಾಡ್‌ವೇಯ ‘ಆ್ಯಸ್ ಥೌಸಂಡ್ಸ್ ಚಿಯರ್’ ಪ್ರದರ್ಶನಕ್ಕೆ ಕರೆತಂದರು. ಅಲ್ಲಿ ‘ಸಪ್ಪರ್ ಟೈಮ್’ ಹಾಡಿನಲ್ಲಿ, ಗಂಡನನ್ನು ಜನರ ಗುಂಪು ಕೊಂದಿರುವ ಸುದ್ದಿ ತಿಳಿದ ಹೆಂಡತಿಯಾಗಿ ಅವರು ರಂಗದ ಮೇಲೆ ನಿಂತರು. ರಂಜನೆಗೆಂದು ಬಂದ ಪ್ರೇಕ್ಷಕರ ಮುಂದೆ ಅಂಥ ಹಾಡನ್ನು ಇಟ್ಟದ್ದು ದೊಡ್ಡ ಧೈರ್ಯ.

ಸಂಕಲನಗಳ ಕತೆ ಬಲಗೊಂಡದ್ದು 1940ರಲ್ಲಿ. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಜಾರ್ಜ್ ಅವಾಕಿಯನ್ ಕೊಲಂಬಿಯಾದ ಹಳೆಯ ದಾಸ್ತಾನಿನಿಂದ ಲೂಯಿ ಆರ್ಮ್‌ಸ್ಟ್ರಾಂಗ್, ಬೆಸ್ಸಿ ಸ್ಮಿತ್ ಮೊದಲಾದವರ ತಟ್ಟೆಗಳನ್ನು ಆಯ್ದು ಕಟ್ಟುಗಳಾಗಿ ಹೊರತಂದರು. 1948ರಲ್ಲಿ ಒಂದೇ ತಟ್ಟೆಯಲ್ಲಿ ಹಲವು ಹಾಡು ಹಿಡಿಸುವ ಎಲ್‌ಪಿ ಬಂದ ಮೇಲೆ ಕೆಲಸ ಸುಲಭವಾಯಿತು. 1951ರಲ್ಲಿ ಬೆಸ್ಸಿ ಸ್ಮಿತ್ ಹಾಡುಗಳು ನಾಲ್ಕು ಎಲ್‌ಪಿಗಳಲ್ಲಿ ಬಂದವು. ವಾಟರ್ಸ್ ಸರದಿ ಬಂದದ್ದು ತಡವಾಗಿ. ಕೊಲಂಬಿಯಾ 1968ರಲ್ಲಿ ‘ಆನ್ ಸ್ಟೇಜ್ ಆ್ಯಂಡ್ ಸ್ಕ್ರೀನ್ 1925–1940’ ಹೊರತಂದಿತು. ನಾಟಕ, ಸಿನಿಮಾಗಳ ಹಾಡುಗಳಿಗೆ ಅದು ಒಳ್ಳೆಯ ಪ್ರವೇಶ. ಆದರೆ ಶೀರ್ಷಿಕೆಯೇ ಹೇಳುವಂತೆ ಆ ಸಂಕಲನದ ಲೆಕ್ಕ ಶುರುವಾಗುವುದು 1925ರಿಂದ. ಬ್ಲ್ಯಾಕ್ ಸ್ವಾನ್ ಕಾಲದ ಬ್ಲೂಸ್ ಗಾಯಕಿ ಹೊರಗೇ ಉಳಿದರು.

ಈ ಕೊರತೆ ತುಂಬಿದ್ದು ಯುರೋಪಿನವರು. ಅಲ್ಲಿ ಆಗ ಧ್ವನಿಮುದ್ರಣದ ಹಕ್ಕು 50 ವರ್ಷಕ್ಕೆ ಮುಗಿಯುತ್ತಿದ್ದರಿಂದ, ಬೇರೆ ಬೇರೆ ಸಂಸ್ಥೆಗಳ ತಟ್ಟೆಗಳನ್ನು ಒಂದೆಡೆ ಸೇರಿಸಲು ಅಡ್ಡಿಯಿರಲಿಲ್ಲ. ಫ್ರಾನ್ಸಿನ ‘ಕ್ಲಾಸಿಕ್ಸ್’ ಮಾಲಿಕೆ ವಾಟರ್ಸ್ ಹಾಡುಗಳನ್ನು 1921ರಿಂದ ಕಾಲಾನುಕ್ರಮದಲ್ಲಿ ಹಲವು ಸಿ.ಡಿ.ಗಳಾಗಿ ತಂದಿತು. ಒಂದೇ ಹಾಡಿನ ಪರ್ಯಾಯ ಮುದ್ರಣಗಳನ್ನು ಅದು ಕೈಬಿಟ್ಟಿತು, ಧ್ವನಿಯ ಗುಣಮಟ್ಟವೂ ಎಲ್ಲೆಡೆ ಒಂದೇ ಇಲ್ಲ. ಆದರೂ ಬ್ಲೂಸ್, ಜಾಝ್, ರಂಗಗೀತೆ ಮೂರೂ ಒಬ್ಬಳೇ ಗಾಯಕಿಯಲ್ಲಿ ಬೆಳೆದ ಬಗೆ ಮೊದಲಿಂದ ಕೊನೆಯವರೆಗೆ ಕೇಳಸಿಕ್ಕಿತು. ಯುರೋಪಿಗೆ ಹೋಲಿಸಿದರೆ, ಅಮೆರಿಕದಲ್ಲಿ 1923ಕ್ಕೆ ಮೊದಲಿನ ಮುದ್ರಣಗಳು ಹಕ್ಕುಸ್ವಾಮ್ಯದಿಂದ ಬಿಡುಗಡೆಯಾದದ್ದು 2022ರ ಜನವರಿ 1ರಂದು.

ಆಯ್ದ ಹಾಡುಗಳ ಸಂಕಲನ ಪರಿಚಯಕ್ಕೆ ಸಾಕು, ಕಲಾವಿದೆಯನ್ನು ಅಳೆಯಲು ಸಾಲದು. ಮುದ್ರಣದ ದಿನಾಂಕ, ಹಿಮ್ಮೇಳದವರ ಹೆಸರು, ಮೂಲ ತಟ್ಟೆಯ ವಿವರ ಕೊಡುವ ಸಂಕಲನವನ್ನೇ ಕೇಳುಗರು ಆರಿಸಿಕೊಳ್ಳಬೇಕು. ವಾಟರ್ಸ್ ಅವರನ್ನಂತೂ ‘ಸ್ಟಾರ್ಮಿ ವೆದರ್’ನಿಂದಲ್ಲ, 1921ರಿಂದಲೇ ಕೇಳಲು ಶುರುಮಾಡಿ.