ಎಮ್ಮೆ ಮೇಲೆ ಮರಳಿ ಬಂದ ದನಿ

ಆಫೀಸಿನ ಟೀಮ್ ಔಟಿಂಗ್ ಅಂದ್ರೆ ಬಸ್ಸು ನೆಲಮಂಗಲ ದಾಟೋದರೊಳಗೆ ಅಂತ್ಯಾಕ್ಷರಿ ಶುರುವಾಗಲೇಬೇಕು. 'ಯ' ಅಕ್ಷರ ಬಂತೋ, ಮುಗೀತು. ಎಮ್ಮೆ ಮೇಲೆ ಕೂತ ರಾಜಕುಮಾರ್ ಹಾಜರ್. ಕನ್ನಡ ಇನ್ನೂ ಸರಿಯಾಗಿ ಬಾರದ ಹುಡುಗರೂ ಎರಡು ಸಾಲಿಗೆ ದನಿಗೂಡಿಸ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಹಾಡ್ತಿದ್ದೆ, ಅದರ ಹಿಂದೆ ಏನಿದೆ ಅಂತ ಗೊತ್ತಿಲ್ಲದೆ.

ಗೊತ್ತಾಗಿದ್ದು ಬಾದಾಮಿ ಬನಶಂಕರಿ ಜಾತ್ರೆಯಲ್ಲಿ. ಬನದ ಹುಣ್ಣಿಮೆಗೆ ಶುರುವಾಗೋ ಆ ಜಾತ್ರೆಗೆ ನಾಟಕ ಕಂಪನಿಗಳು ಟೆಂಟ್ ಹಾಕಿ ವಾರಗಟ್ಟಲೆ ನಿಲ್ತವೆ. ಮಿರ್ಚಿ ತಿನ್ನುತ್ತಾ ನಿಂತಿದ್ದೆವು. ಯಾವುದೋ ಅಂಗಡಿಯ ಮೈಕಿನಲ್ಲಿ ಅದೇ ಹಾಡು ಬಂತು. ಕಾಕಾ ಕೇಳಿದ: "ತಮ್ಮಾ, ಈ ಎಮ್ಮಿ ನಮ್ಮ ಸೂಳೇಭಾವಿಯಿಂದ ಹೊಂಟಿದ್ದು, ಗೊತ್ತೈತೇನು?"

"ಏನ್ ಹೇಳ್ತಿ ಕಾಕಾ, ಅದು ರಾಜಕುಮಾರ್ ಸಿನಿಮಾ."

"ಸಿನಿಮಾ ಆಮ್ಯಾಲಿಂದು. ಮೊದಲು ಅದು ಧುತ್ತರಗಿಯವರ ನಾಟಕ."

ಕಾಕಾ ಹೇಳಿದ್ದು ಸರಿ. 1974ರಲ್ಲಿ ಬಂದ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ಮೂಲ ಅದೇ ಹೆಸರಿನ ಕಂಪನಿ ನಾಟಕ. ಬರೆದವರು ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ. ಕರದಂಟಿಗೆ ಹೆಸರಾದ ಅಮೀನಗಡದ ಪಕ್ಕದ ಊರದು. ಇಳಕಲ್ಲ ಹತ್ತಿರದ ಕಂದಗಲ್ಲದ ಹನುಮಂತರಾಯರು 'ರಕ್ತರಾತ್ರಿ' ಬರೆದ ಸೀಮೆಯೂ ಇದೇ. ನಮ್ಮ ಕಡೆ ನಾಟಕ ಬರೆಯೋರಿಗೆ ಬರ ಇರಲಿಲ್ಲ. ಕಂದಗಲ್ಲರು ಮಹಾಭಾರತವನ್ನು ಹಿಡಿದರೆ, ಧುತ್ತರಗಿಯವರು ಹಿಡಿದದ್ದು ಊರ ಸಾಹುಕಾರನನ್ನು, ಅವನ ಎದುರು ನಿಲ್ಲೋ ಬಡವನನ್ನು.

ಈಗ ಹಾಡಿನ ವಿಷಯಕ್ಕೆ ಬರೋಣ.

ಕಂಪನಿ ನಾಟಕದಲ್ಲಿ ನಟ ಅಂದ್ರೆ ಹಾಡುಗಾರ. ಬೇರೆ ದಾರಿಯೇ ಇಲ್ಲ. ಪಾರ್ಟು ಮಾಡೋನೇ ಹಾಡಬೇಕು, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆ ಕೊನೇ ಸಾಲಿನ ನೆಲದ ಗಿರಾಕಿಗೂ ಕೇಳಬೇಕು, 'ಒನ್ಸ್ ಮೋರ್' ಬಂದರೆ ಮತ್ತೆ ಅಷ್ಟೇ ಏರಿನಲ್ಲಿ ಹಾಡಬೇಕು. ಗಾಜನೂರಿನ ಮುತ್ತುರಾಜ ಬೆಳೆದಿದ್ದು ಈ ಶಾಲೆಯಲ್ಲಿ. ಅಪ್ಪ ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯ ಹೆಸರಾಂತ ನಟ. ಮಗನೂ ಹುಡುಗನಾಗಿದ್ದಾಗಲೇ ಕಂಪನಿ ಸೇರಿದ, ಅಲ್ಲೇ ಪಾರ್ಟು ಕಲಿತ, ಅಲ್ಲೇ ಹಾಡು ಕಲಿತ.

1954ರಲ್ಲಿ 'ಬೇಡರ ಕಣ್ಣಪ್ಪ' ಬಂತು. ಮುತ್ತುರಾಜ ರಾಜಕುಮಾರ್ ಆದರು. ಆದರೆ ತೆರೆ ಮೇಲೆ ಕಣ್ಣಪ್ಪನ ಹಾಡಿಗೆ ಕೇಳಿಸಿದ್ದು ಸಿ.ಎಸ್. ಜಯರಾಮನ್ ದನಿ. ಹಾಡಿಕೊಂಡೇ ಬೆಳೆದ ನಟನಿಗೆ ಸಿನಿಮಾ ಹೇಳಿದ ಮೊದಲ ಮಾತು: ನೀನು ಬಾಯಿ ಆಡಿಸು, ಸಾಕು.

ಅದು ಯಾರೋ ಬೇಕಂತ ಮಾಡಿದ ಅನ್ಯಾಯ ಅಲ್ಲ, ತಂತ್ರಜ್ಞಾನ ತಂದ ಬದಲಾವಣೆ. ಟಾಕಿ ಬಂದ ಹೊಸದರಲ್ಲಿ ಕ್ಯಾಮೆರಾ ಮುಂದೆ ನಟರೇ ಹಾಡುತ್ತಿದ್ದರು. 1935ರಲ್ಲಿ ಕಲ್ಕತ್ತಾದ ನ್ಯೂ ಥಿಯೇಟರ್ಸ್ ಹಿನ್ನೆಲೆ ಗಾಯನ ಶುರು ಮಾಡಿತು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಆಡಿಯೋ ಬೇರೆ ಮಾಡ್ಯೂಲ್, ವಿಡಿಯೋ ಬೇರೆ ಮಾಡ್ಯೂಲ್. ಇದರಿಂದ ನಮ್ಮ ಜಿಲ್ಲೆಗೆ ಲಾಭವೂ ಆಯಿತು. ಬೀಳಗಿಯ ಅಮೀರಬಾಯಿ ಕರ್ನಾಟಕಿ ನಟಿಯಾಗಿ, ಗಾಯಕಿಯಾಗಿ ಮುಂಬೈಗೆ ಹೋದವರು. 1943ರ 'ಕಿಸ್ಮತ್' ಚಿತ್ರದಲ್ಲಿ ಬೇರೆಯವರ ಮುಖಕ್ಕೆ ದನಿ ಕೊಟ್ಟು ಇಡೀ ದೇಶಕ್ಕೆ ಗೊತ್ತಾದರು. ಅವರ ದನಿಗೆ ಇನ್ನೊಬ್ಬರ ಮುಖ ಸಿಕ್ಕಿತು. ರಾಜಕುಮಾರ್ ಮುಖಕ್ಕೆ ಇನ್ನೊಬ್ಬರ ದನಿ ಸಿಕ್ಕಿತು.

ಆ ಇನ್ನೊಬ್ಬರು ಮುಖ್ಯವಾಗಿ ಪಿ.ಬಿ. ಶ್ರೀನಿವಾಸ್. ಕಾಕಿನಾಡದವರು, ರೇಷ್ಮೆಯಂಥ ದನಿ. ಜನ ಅವರಿಬ್ಬರನ್ನು ಶರೀರ–ಶಾರೀರ ಅಂತಲೇ ಕರೆದರು. ಅಷ್ಟು ಚೆಂದ ಹೊಂದಿಕೊಂಡಿತ್ತು ಅಂದ್ರೆ, ರಾಜಕುಮಾರ್‌ಗೂ ಒಂದು ಹಾಡೋ ದನಿ ಇದೆ ಅನ್ನೋದೇ ಮರೆತುಹೋಯಿತು. ಆ ದನಿ ನಡುವೆ ಇಣುಕಿತ್ತು. 1956ರ 'ಓಹಿಲೇಶ್ವರ'ದಲ್ಲಿ ಒಮ್ಮೆ, 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿ ಜೊತೆ ಒಂದು ಯುಗಳಗೀತೆಯಲ್ಲಿ. ಆಮೇಲೆ ಹೆಚ್ಚುಕಡಿಮೆ 15 ವರ್ಷ ನಾಯಕ ರಾಜಕುಮಾರ್, ದನಿ ಪಿಬಿಎಸ್. ಇದೇ ರೂಢಿ.

1974ಕ್ಕೆ ಬನ್ನಿ. 'ಸಂಪತ್ತಿಗೆ ಸವಾಲ್' ನಿರ್ದೇಶನ ಎ.ವಿ. ಶೇಷಗಿರಿರಾವ್, ಸಾಹಿತ್ಯ ಚಿ. ಉದಯಶಂಕರ್, ಸಂಗೀತ ಜಿ.ಕೆ. ವೆಂಕಟೇಶ್. 'ಮಹಿಷಾಸುರ ಮರ್ದಿನಿ'ಗೆ ಸಂಗೀತ ಕೊಟ್ಟವರೂ ಇದೇ ವೆಂಕಟೇಶ್. ಅಂದ್ರೆ ಆ ದನಿ ಅವರಿಗೆ ಗೊತ್ತಿತ್ತು, ನೆನಪಿತ್ತು. ಎಮ್ಮೆ ಹಾಡಿನ ಹೊತ್ತಿಗೆ ಪಿಬಿಎಸ್ ಸಿಗಲಿಲ್ಲ, ನೆಗಡಿಯಾಗಿತ್ತು ಅಂತ ಚಿತ್ರರಂಗದವರು ಹೇಳಿಕೊಂಡು ಬಂದಿದ್ದಾರೆ. ವೆಂಕಟೇಶ್ ಮೈಕಿನ ಮುಂದೆ ರಾಜಕುಮಾರ್ ಅವರನ್ನೇ ನಿಲ್ಲಿಸಿದರು. ಆಗ ಅವರಿಗೆ 45ರ ಆಸುಪಾಸು.

ನನಗೆ ಕುತೂಹಲ ಇರೋದು ಇಲ್ಲೇ. ಯಾಕೆ ಅದೇ ಹಾಡು? ಅದು ಸೂಟು ಬೂಟಿನ ಪ್ರೇಮಗೀತೆ ಅಲ್ಲ. ಹಳ್ಳಿಯ ಒರಟ ಎಮ್ಮೆ ಮೇಲೆ ಕೂತು ಊರೆಲ್ಲ ಕೇಳೋ ಹಾಗೆ ಹಾಡಬೇಕು. ಇದಕ್ಕೆ ರೇಷ್ಮೆ ದನಿಗಿಂತ ಕೊನೇ ಸಾಲಿಗೆ ಮುಟ್ಟೋ ದನಿ ಬೇಕು. ಅಂಥ ದನಿ ಕಲಿಯೋದು ಟೆಂಟಿನೊಳಗೇ. ಅದೇ ಚಿತ್ರದ ಯುಗಳಗೀತೆ ಕೇಳಿ ನೋಡಿ, ಅಲ್ಲಿರೋದು ಪಿಬಿಎಸ್. ಒಂದೇ ಸಿನಿಮಾ, ಒಂದೇ ನಾಯಕ, ಎರಡು ದನಿ. ಪ್ರೇಮಕ್ಕೆ ಸ್ಟುಡಿಯೋ ದನಿ, ಎಮ್ಮೆಗೆ ಕಂಪನಿ ದನಿ. ನಾಟಕದ ಹುಡುಗನ ದನಿ ಮರಳಿ ಬರೋಕೆ ಮತ್ತೆ ಒಂದು ನಾಟಕವೇ ಬೇಕಾಯಿತು ಅಂತ ನನಗನ್ನಿಸುತ್ತೆ.

ಆಮೇಲಿನದು ನಿಮಗೆ ಗೊತ್ತು. 1975ರ 'ಮಯೂರ'ದಲ್ಲೂ ಇಬ್ಬರ ದನಿ ಇತ್ತು. ಬರಬರುತ್ತಾ ರಾಜಕುಮಾರ್ ಹಾಡುಗಳೆಲ್ಲ ರಾಜಕುಮಾರ್ ಅವರದೇ ಆದವು. ಭಕ್ತಿಗೀತೆ ಹಾಡಿದರು, ಬೇರೆ ನಟರಿಗೂ ಹಾಡಿದರು. 1992ರ 'ಜೀವನ ಚೈತ್ರ'ದ ತೋಡಿ ರಾಗದ ಹಾಡಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನವೇ ಕಸಿದುಕೊಂಡಿದ್ದ ದನಿಗೆ ಹಿನ್ನೆಲೆ ಗಾಯನದ ಪ್ರಶಸ್ತಿ!

ಈ ಕಥೆಯನ್ನು ನಾವು ಬರೀ ಸಂಭ್ರಮದಿಂದ ಹೇಳ್ತೀವಿ. ಆದರೆ ಲೆಕ್ಕ ಪೂರ್ತಿ ಹೇಳಬೇಕು. ಒಬ್ಬರು ಮರಳಿ ಬಂದ ಮೈಕು ಇನ್ನೊಬ್ಬರದಾಗಿತ್ತು. ಕನ್ನಡಕ್ಕೆ ಇಪ್ಪತ್ತು ವರ್ಷದ ಹತ್ತಿರ ಹಾಡಿದ ಪಿಬಿಎಸ್‌ಗೆ ಅವರ ದೊಡ್ಡ ನಾಯಕನ ಹಾಡುಗಳೇ ತಪ್ಪಿದವು. ಇನ್ನೊಬ್ಬ ಪಿ.ಬಿ., ನಮ್ಮ ಧುತ್ತರಗಿಯವರು, ಎಮ್ಮೆ ಹಾಡು ಹಾಡೋ ನೂರರಲ್ಲಿ ಎಷ್ಟು ಮಂದಿಗೆ ಗೊತ್ತು? ನನಗೇ ಗೊತ್ತಿರಲಿಲ್ಲ, ಅವರೂರಿನ ಬಸ್ಸಿನಲ್ಲೇ ಓಡಾಡಿದೋನಿಗೆ.

ಆ ರಾತ್ರಿ ಕಾಕಾನ ಜೊತೆ ನಾಟಕಕ್ಕೆ ಹೋದೆ. ನಟರ ಕೊರಳಿಗೆ ಮೈಕ್ ಇತ್ತು, ಹಾಡು ಬಂದಾಗ ಪಕ್ಕದಿಂದ ಟ್ರ್ಯಾಕ್ ಹಾಕಿದರು, ನಟ ಬಾಯಿ ಆಡಿಸಿದ. ಕಾಕಾ ನನ್ನ ಮುಖ ನೋಡಿದ. "ಈಗ ಯಾರು ಹಾಡ್ತಾರ ತಮ್ಮಾ" ಅಂದ. ಮಿರ್ಚಿ ಪೊಟ್ಟಣ ನನ್ನ ಕಡೆ ಸರಿಸಿದ.